ಹರಿಹರಕ್ಕೆ ಸುಮ್ಮನೆ

ನನಗೆ ಏನು ಇಷ್ಟ ಎಂಬುದು ನನ್ನೊಬ್ಬಳನ್ನು ಬಿಟ್ಟು ಸವಣೂರಿಗೆಲ್ಲ ಗೊತ್ತು. ದಿನವಿಡೀ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿ, ಉತ್ತರ ಬಾರದವರನ್ನು ಗದರುವ ನಾನು, ಯಾರಾದರೂ "ನಿಮಗೇನು ಬೇಕ್ರಿ?" ಅಂದರೆ ಸಾಕು, "ಯಾವುದಾದ್ರೂ ನಡೀತೈತ್ರಿ" ಎಂದುಬಿಡುತ್ತೇನೆ. ಚಹಾದ ಅಂಗಡಿಯಲ್ಲೂ ಅದೇ, ಬಳೆ ಅಂಗಡಿಯಲ್ಲೂ ಅದೇ. ಹೀಗೆ ಅನ್ನುವವಳಿಗೆ ನಮ್ಮ ಕಡೆ ಒಳ್ಳೆಯ ಸೊಸೆ ಎಂಬ ಹೆಸರು ಬರುತ್ತದೆ. ನನಗೂ ಬಂತು. ಆ ಹೆಸರು ಉಳಿಸಿಕೊಳ್ಳುವುದರಲ್ಲೇ ತಲೆಕೂದಲು ಬೆಳ್ಳಗಾಯಿತು.

ನನ್ನ ಈ ಬಂಡವಾಳ ಬಯಲಾದದ್ದು ಗಿರಿಜಾಳಿಂದ. ಶಿಗ್ಗಾಂವಿಯಲ್ಲಿ ನನ್ನ ಜೊತೆ ಕಾಲೇಜು ಕಲಿತವಳು, ಗಂಡನಿಗೆ ವರ್ಗವಾಗಿ ಈಗ ನಮ್ಮ ಓಣಿಗೇ ಬಂದಿದ್ದಾಳೆ. ಅವಳ ಮೊಬೈಲಿನಲ್ಲಿ ಎಲ್ಲಿಂದಲೋ ಒಂದಷ್ಟು ಪ್ರಶ್ನೆಗಳು ಬಂದು ಬಿದ್ದಿದ್ದವು. ಗೆಳತಿಯನ್ನು ಕೇಳಿ ಅವಳ ಮನಸ್ಸು ತಿಳಿದುಕೊಳ್ಳಬೇಕಂತೆ. ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಕನ್ನಡಕ ಏರಿಸಿದಳು. ಯಜಮಾನರು ಆಗಷ್ಟೇ ಪೈಪಿನ ಅಂಗಡಿ ಮುಚ್ಚಿ, ಬಿಸಿಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದರು. ಅತ್ತೆ ಎಲೆಅಡಿಕೆಯ ಚೀಲ ಬಿಚ್ಚಿಕೊಂಡು ಕಂಬಕ್ಕೆ ಒರಗಿದ್ದರು.

"ನಿನಗ ಯಾವ ಬಣ್ಣ ಸೇರತೈತಿ?" ಗಿರಿಜಾ ಕೇಳಿದಳು.

"ಆಕಿಗೆ ಹಸರು," ಅಂದರು ಅತ್ತೆ. "ಯಾವಾಗ ನೋಡಿದ್ರೂ ಅದನ್ನ ಉಡ್ತಾಳ."

ಉಡದೇ ಏನು ಮಾಡಲಿ? ಮನೆಯಲ್ಲಿ ಏನೇ ಕಾರ್ಯವಾಗಲಿ, ಹಾನಗಲ್ಲಿನ ನನ್ನ ನಾದಿನಿ ಆಯೇರಿ ಅಂತ ಹಸಿರು ಸೀರೆಯನ್ನೇ ತರುತ್ತಾಳೆ. ನನಗೆ ಹಸಿರೇ ಇಷ್ಟ ಎಂದು ಅವಳಿಗೆ ಹೇಳಿದವರು ಅತ್ತೆ. ಅತ್ತೆಗೆ ಹಾಗೆ ಅನ್ನಿಸಿದ್ದು ನಾನು ಯಾವಾಗಲೂ ಹಸಿರು ಉಡುವುದರಿಂದ. ನನ್ನ ಟ್ರಂಕು ತೆರೆದರೆ ಮೆಂತ್ಯದ ಮಡಿ ನೋಡಿದ ಹಾಗಾಗುತ್ತದೆ.

"ಊಟದಾಗ ಏನ್ ಸೇರತೈತಿ?"

"ತಂಗಳ ರೊಟ್ಟಿ ಅಂದ್ರ ಆಕಿಗೆ ಪ್ರಾಣ," ಅಂದರು ಯಜಮಾನರು. ಇದೂ ಸರಿಯೇ. ಉಳಿದ ರೊಟ್ಟಿ ಚೆಲ್ಲಬಾರದೆಂದು ದಿನಾ ಮುರಿದು ತಿನ್ನುವವಳನ್ನು ನೋಡಿ ಪುಣ್ಯಾತ್ಮರು ಪ್ರಾಣವೆಂದೇ ತಿಳಿದಿದ್ದಾರೆ.

"ಮಾಸ್ತರಕಿ ಯಾಕ ಆರಿಸ್ಕೊಂಡಿ?"

"ಸಣ್ಣ ಹುಡುಗರಂದ್ರ ಜೀವ ಬಿಡ್ತಾಳ್ರಿ ಈಕಿ," ಅದಕ್ಕೂ ಯಜಮಾನರೇ. ನಿಜ ಹೇಳಬೇಕೆಂದರೆ ಆರಿಸಿದ್ದು ನಮ್ಮ ಅಪ್ಪ. ನನ್ನ ತವರು ತಡಸ. ಬೆಳಗಿನ ಬಸ್ಸು ಶಿಗ್ಗಾಂವಿಯ ಮಾಸ್ತರಕಿ ಕಾಲೇಜಿನ ಬಾಗಿಲಲ್ಲೇ ನಿಲ್ಲುತ್ತಿತ್ತು, ಮಗಳು ರಸ್ತೆ ದಾಟುವ ತಾಪತ್ರಯವಿಲ್ಲವೆಂದು ಅಪ್ಪ ಅಲ್ಲಿಗೇ ಸೇರಿಸಿದರು. ಬಸ್ಸು ದವಾಖಾನೆಯ ಮುಂದೆ ನಿಲ್ಲುತ್ತಿದ್ದರೆ ನಾನು ಇಂದು ನರ್ಸಮ್ಮ.

ಗಿರಿಜಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಆ ನೋಟಕ್ಕೆ ಮೈಯೆಲ್ಲ ಉರಿಯಿತು. ಇವಳ ಮುಂದೆ ಒಂದು ಪ್ರಶ್ನೆಗಾದರೂ ನಾನೇ ಉತ್ತರ ಹೇಳದಿದ್ದರೆ ನಾನು ಇದ್ದೂ ಇಲ್ಲದ ಹಾಗೆ ಅನ್ನಿಸಿತು.

"ಪೂರಾ ಒಂದ ದಿನ ನಿಂದ ಅಂತ ಸಿಕ್ರ, ಏನ್ ಮಾಡ್ತಿ?"

ಆ ಹೊತ್ತಿಗೆ ಸರಿಯಾಗಿ ಯಜಮಾನರು ಅವಸರದಲ್ಲಿ ಇಡೀ ಭಜಿಯನ್ನು ಬಾಯಿಗೆ ತುರುಕಿಕೊಂಡು, ಒಳಗಿನ ಬಿಸಿಗೆ ಹಾ ಹೂ ಎನ್ನುತ್ತಿದ್ದರು. ಅತ್ತೆಯ ಬಾಯಲ್ಲಿ ಎಲೆಯ ರಸ ತುಂಬಿತ್ತು. ಇಂಥ ಯೋಗ ಮತ್ತೆ ಕೂಡಿಬರುವುದಿಲ್ಲವೆಂದು ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಯಲವಿಗಿಗೆ ಹೋಗಿ ರೈಲು ಹತ್ತತೇನಿ. ಕಿಟಕಿ ಕಡೆ ಕುಂದರ್ತೇನಿ. ಹರಿಹರದಾಗ ಇಳದು ಚಾ ಕುಡದು ವಾಪಸ್ ಬರ್ತೇನಿ. ಒಬ್ಬಾಕಿನ."

ಹೇಳಿದ ಮೇಲೆ ನನಗೇ ಆಶ್ಚರ್ಯ. ಇದು ನನ್ನೊಳಗೆ ಎಲ್ಲಿ ಅಡಗಿ ಕೂತಿತ್ತೋ!

ಯಜಮಾನರು ಭಜಿ ನುಂಗಿ ಕೇಳಿದರು, "ಹರಿಹರದಾಗ ಯಾರ ಸತ್ತಾರ?"

"ಯಾರೂ ಸತ್ತಿಲ್ಲ."

"ಮತ್ತ ಯಾರದರ ಮದುವಿ?"

"ಅದೂ ಇಲ್ಲ. ಸುಮ್ಮನ."

ನಮ್ಮಲ್ಲಿ ಹೆಣ್ಣುಮಕ್ಕಳು ಊರು ಬಿಡುವುದು ಮದುವೆಗೆ, ಮಣ್ಣಿಗೆ, ಬಾಣಂತನಕ್ಕೆ, ದೇವರಿಗೆ. ಸುಮ್ಮನೆ ಎಂಬ ಕಾರಣಕ್ಕೆ ಇನ್ನೂ ಯಾರೂ ಬ್ಯಾಗು ಹಿಡಿದಿಲ್ಲ. ಯಜಮಾನರು ಪಾಪ, ಕೆಟ್ಟವರಲ್ಲ. "ಕಾರ್ ಐತಲ್ಲ, ನಾನ ಕರಕೊಂಡ ಹೊಕ್ಕೇನಿ, ಅವ್ವನೂ ಬರ್ತಾಳ" ಅಂದರು. ಬೇಡವೆಂದೆ. ಅತ್ತೆ ಎಲೆ ಉಗುಳಿ ಬಂದು, "ಹೋಗೂದಂತೂ ಹೊಂಟಿ, ಹಾವೇರಿಯಾಗ ಇಳದು ನನ್ನ ತಂಗಿಗೆ ಒಂದೀಟು ಅಗಸಿ ಚಟ್ನಿಪುಡಿ ಕೊಟ್ಟು ಹೋಗ" ಅಂದರು. ಅಸಲು ಯುದ್ಧ ಇದೇ. ಚಟ್ನಿಪುಡಿ ಕೈಗೆ ಬಂತೋ, ಪ್ರಯಾಣ ಹೋಗಿ ಕೆಲಸವಾಗುತ್ತದೆ. ಹಾವೇರಿಯಲ್ಲಿ ಇಳಿದರೆ ಊಟ ಮಾಡದೆ ಬಿಡುವುದಿಲ್ಲ, ಊಟವಾದರೆ ಉಡಿ ತುಂಬದೆ ಬಿಡುವುದಿಲ್ಲ, ಹರಿಹರದ ಮಾತು ಅಲ್ಲಿಗೆ ಮುಗಿಯಿತು. "ಇಲ್ರಿ ಅತ್ತಿ, ನಾ ಚಟ್ನಿಪುಡಿ ಒಯ್ಯೂದಿಲ್ಲ" ಅಂದೆ. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ನಾನು ಆಡಿದ ಮೊದಲ 'ಇಲ್ಲ' ಅದು. ಸೂರು ಕಳಚಿ ಬೀಳಲಿಲ್ಲ.

ಮರುದಿನ ಐತವಾರ ಹೋದೆ. ಊರಬಾಗಿಲು ದಾಟುವಾಗ ಎರಡು ಸಲ ಹಿಂತಿರುಗಿ ನೋಡಿದೆ, ಯಲವಿಗಿಯಲ್ಲಿ ರೈಲು ಹತ್ತುವಾಗ ನಗು ಬರುತ್ತಿತ್ತು. ಕಿಟಕಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಗಾಳಿಗೆ ತುರುಬು ಬಿಚ್ಚಿತು, ಕಟ್ಟಲಿಲ್ಲ. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಖಾಲಿ ಕೈ ನೋಡಿ "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದಳು. "ಹರಿಹರಕ್ಕ, ಸುಮ್ಮನ" ಅಂದೆ. ಅವಳು ಹತ್ತಿರ ಸರಿದು, "ಮನ್ಯಾಗ ಜಗಳಾಡಿ ಬಂದೀರೇನ್ರಿ?" ಎಂದು ಮೆಲ್ಲಗೆ ವಿಚಾರಿಸಿದಳು. ಜಗಳವಿಲ್ಲವೆಂದರೂ ನಂಬದೆ, ಒಂದು ಪೇರಲಹಣ್ಣು ಕೊಟ್ಟು ಸಮಾಧಾನ ಮಾಡಿದಳು. ಹರಿಹರದ ಚಹಾ ಕಲಗಚ್ಚಿನ ಹಾಗಿತ್ತು. ಇನ್ನೊಂದು ಕಪ್ಪು ತೆಗೆದುಕೊಂಡು ಕುಡಿದೆ. ಮನೆಗೆ ಬಂದಾಗ ದಂಡು ಗೆದ್ದು ಬಂದವಳ ಹಾಗೆ ಚಪ್ಪಲಿ ಬಿಟ್ಟೆ.

ಮುಂದಿನ ಶನಿವಾರ ಗಿರಿಜಾಳಿಗೆ ಇದನ್ನೆಲ್ಲ ಉಪ್ಪುಖಾರ ಹಚ್ಚಿ ವರ್ಣಿಸಿದೆ. ತನ್ನ ಅನ್ನಿಸಿಕೆಯನ್ನು ತಾನೇ ಹೇಳುವುದು ಹೆಣ್ಣಿನ ಹಕ್ಕು ಎಂದು ಸಣ್ಣ ಭಾಷಣವನ್ನೂ ಬಿಗಿದೆ. ಗಿರಿಜಾ ಮೆಚ್ಚಿ ತಲೆದೂಗಿ, ಅತ್ತೆಯ ಕಡೆ ತಿರುಗಿದಳು. "ಅವ್ವಾರ, ನಿಮಗ ಒಂದ ದಿನ ಸಿಕ್ರ ಏನ್ ಮಾಡ್ತೀರಿ?"

"ಅವರಿಗೇನೂ ಬ್ಯಾಡ," ಅಂದೆ ನಾನು. "ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ ಅವರು. ರೈಲಂತೂ ಅವರಿಗೆ ಆಗಂಗಿಲ್ಲ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆಯ ಬೆರಳು ನಿಂತಿತು. "ಆಕಿ ಕೇಳಿದ್ದು ಯಾರನ್ನ?"

ನಾನು ಚಹಾದ ಕಪ್ಪು ಎತ್ತಿಡತೊಡಗಿದೆ.

"ರೈಲು ಆಗಂಗಿಲ್ಲ ಅಂತ ನಿನಗ ಯಾರ ಹೇಳ್ಯಾರ? ನಾ ರೈಲು ಹತ್ತೇ ಇಲ್ಲಲ್ಲ! ಮದುವ್ಯಾಗಿ ತವರುಮನಿ ಚಿಕ್ಕೇರೂರಿಂದ ಮೋಟಾರಿನ್ಯಾಗ ಬಂದು ಈ ಮನ್ಯಾಗ ಇಳದೆ. ಆಮ್ಯಾಲೆ ನನ್ನನ್ನ ಯಾರ ಕೇಳ್ಯಾರ?"

ಗಿರಿಜಾ ಮೊಬೈಲು ನೋಡತೊಡಗಿದಳು. ನನ್ನ ಮುಖ ಹುಳ್ಳಗಾಯಿತು. ಭಾಷಣದ ಬಿಸಿ ಇನ್ನೂ ಬಾಯಲ್ಲೇ ಇತ್ತು. "ಬರೂ ಐತವಾರ ಇಬ್ರೂ ಹೋಗೂಣು ಬರ್ರಿ ಅತ್ತಿ," ಅಂದೆ.

"ಬರ್ತೇನಿ," ಅಂದರು ಅತ್ತೆ. "ಆದ್ರ ಹರಿಹರಕ್ಕ ಇಳಿಯೂದು ಬ್ಯಾಡ, ರೈಲು ಮುಂದ ಎಲ್ಲಿ ತನಕ ಹೊಕ್ಕೈತೋ ನೋಡೂಣು. ಮತ್ತ ಕಿಟಕಿ ಕಡೆ ನಾ ಕುಂದರಾಕಿ."

ಜೀವಮಾನದಲ್ಲಿ ನಾನಾಗಿ ಗೆದ್ದುಕೊಂಡದ್ದು ಅದೊಂದೇ ಕಿಟಕಿ. ಹೂಂ ಅಂದೆ. ಅನ್ನುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.