ರೇಡಿಯೇಟರ್ ತಿಂದ ಕಳ್ಳ ಕರೆಂಟು

ಮನೆಯಲ್ಲಿ ಒಂದು ಬಸ್ಸಿದ್ದರೆ ನಗುವಿಗೆ ಬರವಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದಿಂದ ತರೀಕೆರೆ ಮೇಲೆ ಕಡೂರಿಗೆ ಓಡುತ್ತಿದ್ದ ನಮ್ಮ ಬಸ್ಸಿನ ದಿನಚರಿಯನ್ನು ನಾನೇ ಬರೆದಿಡುತ್ತಿದ್ದೆ. ಕೆಳಗಿನವೆಲ್ಲ ಅದರಿಂದಲೇ ತೆಗೆದದ್ದು.

೧. ಕೆರೆ ನೀರು

ಒಂದೇ ವರ್ಷದಲ್ಲಿ ಎರಡು ರೇಡಿಯೇಟರ್ ತೂತಾದವು. ನೀರು ಸೋರಿ, ಇಂಜಿನ್ ಕಾದು, ಬಸ್ಸು ದಾರಿಯಲ್ಲೇ ನಿಲ್ಲುತ್ತಿತ್ತು.

"ಡ್ರೈವರ್ರು ಸಿಕ್ಕಿದ ಉಪ್ಪು ನೀರೆಲ್ಲ ತುಂಬ್ತಾನೆ ಕಣೇ. ಇನ್ನೊಂದ್ಸಲ ತೂತಾದ್ರೆ ಬೇರೆಯವನ್ನ ನೋಡ್ತೀನಿ" ಎಂದರು ನಮ್ಮ ಯಜಮಾನರು.

ಹೆದರಿದ ಡ್ರೈವರ್ ಬುಕ್ಕಾಂಬುಧಿ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ತರತೊಡಗಿದ. ಬಾಯಾರಿದ ಕಂಡಕ್ಟರ್ ಒಂದು ಲೋಟ ಕೇಳಿದ್ದಕ್ಕೆ, "ನಿಂಗೆ ನಲ್ಲಿ ನೀರು ಸಾಕು ಕಣೋ. ಇದು ಇಂಜಿನ್ನಿಗೆ!" ಎಂದನಂತೆ.

೨. ಅರಿಶಿನ

ಆದರೂ ಮೂರನೆಯದು ಸೋರಿತು. ಹೇಳಿದರೆ ಕೆಲಸ ಹೋಗುತ್ತದಲ್ಲ! ಸಣ್ಣ ತೂತು ಮುಚ್ಚಲು ಡ್ರೈವರುಗಳು ಮಾಡುವ ಉಪಾಯದಂತೆ, ಇವನೂ ಗುಟ್ಟಾಗಿ ರೇಡಿಯೇಟರಿಗೆ ಅರಿಶಿನದ ಪುಡಿ ಸುರಿದ. ತೂತು ಮುಚ್ಚಲಿಲ್ಲ. ತರೀಕೆರೆಯಲ್ಲಿ ಬಸ್ಸಿನಡಿ ಹಳದಿ ನೀರು ತೊಟ್ಟಿಕ್ಕುವುದನ್ನು ಕಂಡ ಲಿಂಗದಹಳ್ಳಿಯ ಅಜ್ಜಿಯೊಬ್ಬಳು ಹತ್ತಲು ಒಪ್ಪಲಿಲ್ಲ.

"ಲೇ, ಬಸ್ಸಿಗೆ ಕಾಮಾಲೆ ಆಗೈತೆ ಕಣ್ರೋ! ಮೊದ್ಲು ನಾಟಿ ಔಷಧಿ ಕೊಡ್ಸಿ!"

೩. ಮುಳ್ಳು ನೆಗೆದದ್ದು

"ನನ್ನ ತಪ್ಪಿಲ್ಲ ಕಣ್ರಮ್ಮ, ನೀವೇ ಕಾಪಾಡ್ಬೇಕು" ಎಂದು ಡ್ರೈವರ್ ನನ್ನ ಬಳಿ ಬಂದ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ನೀರಿಗೆ ಕರೆಂಟು ಸೋರುತ್ತಿದೆಯೇನೋ ಎಂಬ ಅನುಮಾನದಿಂದ ವೋಲ್ಟ್ ಮೀಟರ್ ತರಿಸಿದೆ. ಒಂದು ತಂತಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ರೇಡಿಯೇಟರ್ ನೀರಿಗೆ. ಡ್ರೈವರ್ ಒಂದೊಂದೇ ಸ್ವಿಚ್ ಹಾಕುತ್ತ ಹೋದ. ಮಂಜಿಗೆಂದು ಮುಂದೆ ಕೂರಿಸಿದ್ದ ಹಳದಿ ದೀಪ ಹೊತ್ತಿದ್ದೇ ತಡ, ಮುಳ್ಳು ನೆಗೆಯಿತು! ಆ ದೀಪದ ಕರೆಂಟು ಬ್ಯಾಟರಿಗೆ ಮರಳಬೇಕಾದ ಅರ್ಥ್ ತಂತಿಯನ್ನು ರೇಡಿಯೇಟರ್ ಚೌಕಟ್ಟಿಗೇ ಬಿಗಿಯಲಾಗಿತ್ತು. ಕರೆಂಟು ನೀರಿನೊಳಗೆ ಹಾದು ಲೋಹವನ್ನು ಒಳಗಿಂದೊಳಗೇ ತಿನ್ನುತ್ತಿತ್ತು. ತಂತಿ ಬಿಚ್ಚಿಸಿ ನೇರವಾಗಿ ಬ್ಯಾಟರಿಗೆ ಕೊಡಿಸಿದೆ. ಮುಳ್ಳು ಸೊನ್ನೆಗೆ ಇಳಿಯಿತು.

"ನೋಡಿದ್ರಾ? ನೀರಿನ ತಪ್ಪೂ ಅಲ್ಲ, ಡ್ರೈವರ್ ತಪ್ಪೂ ಅಲ್ಲ" ಎಂದು ಪಕ್ಕದಲ್ಲೇ ನೋಡುತ್ತ ನಿಂತಿದ್ದ ಯಜಮಾನರತ್ತ ತಿರುಗಿದೆ. "ಈ ತಂತಿಯನ್ನ ಇಲ್ಲಿಗೆ ಬಿಗಿಸಿದ ಮಹಾನುಭಾವ ಯಾರು?"

ಯಜಮಾನರು ಆಕಾಶ ನೋಡಿದರು. ಡ್ರೈವರ್ ತಲೆ ಕೆರೆದುಕೊಂಡ.

"ತಾವೇ ಕಣ್ರಮ್ಮ. 'ಬ್ಯಾಟರಿ ತನಕ ಯಾಕಪ್ಪ ಎಳೀತೀಯ, ಕಬ್ಬಿಣ ಪಕ್ಕದಲ್ಲೇ ಐತಲ್ಲ' ಅಂದ್ರಿ."

"ತಪ್ಪು ಅಂತ ಆಗ್ಲೇ ಹೇಳ್ಬಾರದಾಗಿತ್ತಾ?"

"ಅನುಮಾನ ಬಂತು ಕಣ್ರಮ್ಮ. ಆದ್ರೆ ಇಷ್ಟೊಂದು ಓದಿರೋರು ಹೇಳ್ತಾವ್ರೆ... ಬಸ್ಸಿಗೇ ತಿಳುವಳಿಕೆ ಸಾಲ್ದು ಅಂದ್ಕೊಂಡೆ."