ಎಂಟರ ಜೋಡಿ ಮತ್ತು ಸೆರಗಿನೊಳಗಿನ ಅತ್ತೆ

ಪಂಚಮಿಗೆ ಹೆಂಡತಿಯ ತವರಿಗೆ ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಬೇರೆ ಅಳಿಯಂದಿರು ಉಂಡಿ ತಿಂದು ಬರುತ್ತಾರೆ, ನಾನು ಉಂಡಿ ಸೋತು ಬರುತ್ತೇನೆ.

ನಾನು ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ರಾಯಚೂರಿನಲ್ಲಿ, ದಿನಾ ಬಸ್ಸು. ಹೆಂಡತಿಯ ತವರು ಮಾನ್ವಿ ತಾಲೂಕಿನ ಕಲ್ಲೂರು. ಪಂಚಮಿಯ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಮೂರೆಲೆ ಇಸ್ಪೀಟು ನಡೆಯುತ್ತದೆ. ಪಣಕ್ಕೆ ಶೇಂಗಾ ಉಂಡಿ. ಮೂರೂ ಎಲೆ ಒಂದೇ ಬಂದರೆ ಕುಣಿದಾಡಬಹುದು. ಏನೂ ಬಾರದಿದ್ದರೆ ಎಲೆ ಬಿಸಾಕಿ ಚಹಾ ಕುಡಿಯಬಹುದು. ತಾಪತ್ರಯವೆಲ್ಲ ನಡುವೆ, ಜೋಡಿ ಬಂದಾಗ. ನನಗೆ ಬರುವುದು ಜೋಡಿಯೇ, ಅದೂ ಎಂಟರ ಆಸುಪಾಸು. ಆಡೋಣವೆಂದರೆ ಭಯ, ಬಿಡೋಣವೆಂದರೆ ಹೊಟ್ಟೆಯುರಿ.

ನೋಡದೇ ಆಡಿದ್ದು

ಅದು ಮದುವೆಯಾದ ಮೊದಲ ವರ್ಷ. ನಮ್ಮತ್ತೆ ಹಳೆಯ ಕಾಲದವರು. ಅಳಿಯನಿಗೆ ಮುಖ ತೋರಿಸುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ಆದರೆ ಇಸ್ಪೀಟಿಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ. ತಲೆಯ ಸೆರಗನ್ನು ಮೂಗಿನ ತನಕ ಎಳೆದುಕೊಂಡು, ತಮ್ಮ ಎಲೆ ಎತ್ತಿಯೂ ನೋಡದೆ ನಾಲ್ಕು ಉಂಡಿ ಮುಂದೆ ತಳ್ಳಿದರು.

“ಮಾಸ್ತರಿಗೆ ಹೇಳವ್ವಾ, ಆಡೋದಿದ್ರ ನಾಕು ಹಾಕ್ರಿ, ಇಲ್ಲಂದ್ರ ಎಲಿ ಇಡ್ರಿ ಅಂತ,” ಎಂದು ಮಗಳಿಗೆ ಹೇಳಿದರು. ಮೊಳದಷ್ಟು ದೂರದಲ್ಲಿದ್ದ ನನಗೆ ಹೆಂಡತಿ ಅದನ್ನೇ ಮತ್ತೊಮ್ಮೆ ಹೇಳಿದಳು.

ನನ್ನ ಕೈಯಲ್ಲಿ ಎಂಟರ ಜೋಡಿ. ಎದುರಿನವರ ಮುಖ ನೋಡಿ ತೀರ್ಮಾನ ಮಾಡೋಣವೆಂದರೆ ಅಲ್ಲಿರುವುದು ಹಸಿರು ಅಂಚಿನ ಸೆರಗು. ಹೆದರಿ ಎಲೆ ಇಟ್ಟುಬಿಟ್ಟೆ. ಅತ್ತೆಯ ಎಲೆ ತಿರುಗಿಸಿದರೆ ಏಳು, ಐದು, ಎರಡು!

“ಎಲಿ ನೋಡದ ಇಷ್ಟು ಧೈರ್ಯ ಹೆಂಗ ಬರ್ತದ ಅಂತ ಕೇಳು,” ಎಂದೆ ಹೆಂಡತಿಗೆ.

“ಮಾಸ್ತರಿಗೆ ಹೇಳವ್ವಾ,” ಸೆರಗಿನೊಳಗಿಂದ ಉತ್ತರ ಬಂತು, “ಅವರನ್ನೂ ನಾವು ಸರಿಯಾಗಿ ನೋಡದನ ಮಾಡ್ಕೊಂಡೀವಿ, ನಡ್ಯಾಕತ್ತದಲ್ಲ ಅಂತ.”

ಬಳೆಯ ಗುಟ್ಟು

ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಮೊಬೈಲಿನಲ್ಲಿ ಪೋಕರ್ ಆಡುವವರು. ನನ್ನ ಕಥೆ ಕೇಳಿ, “ನಡುವಿನ ಎಲಿ ಬಂದಾಗ ಏರಿಸಬ್ಯಾಡ್ರಿ, ಇಳಿಸಬ್ಯಾಡ್ರಿ. ಅವರು ಹಾಕಿದಷ್ಟು ಹಾಕ್ಕೋತ ಕುಂದರ್ರಿ. ಸುಳ್ಳು ಆಡೋರ ಕಣ್ಣು ನೋಡ್ರಿ, ಗೊತ್ತಾಗ್ತದ,” ಎಂದರು.

“ಕಣ್ಣು ಸೆರಗಿನೊಳಗ ಅದಾವ್ರೀ.”

“ಹಂಗಾದ್ರ ಕೈ ನೋಡ್ರಿ!”

ಮರುವರ್ಷ ಅತ್ತೆಯ ಕೈಯನ್ನೇ ನೋಡುತ್ತ ಕೂತೆ. ಮೂರು ಆಟ ಸೋತ ಮೇಲೆ ಗುಟ್ಟು ಸಿಕ್ಕಿತು. ಸುಳ್ಳು ಆಡುವಾಗ ಅತ್ತೆಯ ಬಳೆ ಗಲ್ಲೆನ್ನುತ್ತದೆ! ನಾಲ್ಕನೆಯ ಆಟದಲ್ಲಿ ನನಗೆ ಒಂಬತ್ತರ ಜೋಡಿ. ಅತ್ತೆ ಉಂಡಿ ತಳ್ಳಿದರು, ಬಳೆ ಗಲ್ಲೆಂದಿತು. ನಾನೂ ತಳ್ಳಿದೆ. ಮತ್ತೆ ಗಲ್. ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುವವನ ಪೂರ್ತಿ ಧೈರ್ಯದಿಂದ ನನ್ನ ಉಂಡಿಯ ತಟ್ಟೆಯನ್ನೇ ತಳ್ಳಿ, ಎಲೆ ತೋರಿಸಲು ಹೇಳು ಎಂದೆ ಹೆಂಡತಿಗೆ.

ಮೂರು ರಾಣಿ.

ನನ್ನ ಮುಖ ನೋಡಿ ಅತ್ತೆಗೆ ಪಾಪ ಅನ್ನಿಸಿರಬೇಕು. “ಮಾಸ್ತರಿಗೆ ಒಂದಿಷ್ಟು ಗಾಳಿ ಹಾಕವ್ವಾ. ಆಗಿಂದ ನಾ ನೊಣ ಹೊಡದು ಹೊಡದು ಸಾಕಾತು,” ಎಂದರು.

ಮಾವನ ಬ್ಯಾಂಕು

ಒಂದು ಸಲ ಮಾತ್ರ ಗೆದ್ದಿದ್ದೆ. ಅತ್ತೆ ಯಾಕೋ ಎಲೆ ಇಟ್ಟರು. ಹನ್ನೊಂದು ಉಂಡಿ ನನ್ನದು! ಪಣದ ತಟ್ಟೆ ಕಾಯುವ ಕೆಲಸ ಮಾವನದು. ನೋಡಿದರೆ ತಟ್ಟೆಯಲ್ಲಿ ಎರಡೇ ಇವೆ.

“ಆಟ ಬಾಳ ಹೊತ್ತು ನಡೀತಲ್ಲ,” ಎಂದರು ಮಾವ, ಮೀಸೆ ಒರೆಸಿಕೊಳ್ಳುತ್ತ. “ನೀವು ಗೆಲ್ತೀರಿ ಅಂತ ಯಾರಿಗೆ ಗೊತ್ತಿತ್ತು?”

ಈ ವರ್ಷದ್ದು

ಈ ಸಲ ಪಣ ಉಂಡಿಯಷ್ಟೇ ಆಗಿರಲಿಲ್ಲ. ಮಗಳು ಹದಿನೈದು ದಿನ ತವರಿನಲ್ಲಿರಬೇಕೆಂದು ಅತ್ತೆ. ನಾಳೆಯೇ ನನ್ನ ಜೊತೆ ರಾಯಚೂರಿಗೆ ಬರಬೇಕೆಂದು ನಾನು. ಹೋದ ವರ್ಷ ಹದಿನೈದು ದಿನ ಒಬ್ಬನೇ ಇದ್ದಾಗ ನಾನೇ ಬಡಿದ ರೊಟ್ಟಿ ಡಬ್ಬಿಗೆ ಕಟ್ಟಿಕೊಂಡು ಹೋಗಿದ್ದೆ. ಪಿ.ಟಿ. ಮಾಸ್ತರರು ಅದನ್ನು ಕೈಯಲ್ಲಿ ತೂಗಿ ನೋಡಿ, ಚಕ್ರ ಎಸೆತಕ್ಕೆ ಕೇಳಿದ್ದರು.

“ಇಸ್ಪೀಟಿನಾಗ ತೀರ್ಮಾನ ಆಗ್ಲಿ,” ಎಂದರು ಮಾವ.

“ನಂಗೂ ಮೂರು ಎಲಿ ಹಾಕ್ರಿ,” ಎಂದಳು ಹೆಂಡತಿ. “ಗೆದ್ದವರು ಹೇಳಿದ್ದು ಉಳಿದವರು ಕೇಳಬೇಕು.”

ಅತ್ತೆಯೂ ನಾನೂ ನಕ್ಕೆವು. ಅವಳು ಎಂದೂ ಆಡಿದವಳಲ್ಲ, ಸುದ್ದಿ ಮುಟ್ಟಿಸುವುದಷ್ಟೇ ಅವಳ ಕೆಲಸ.

ಎಲೆ ಎತ್ತಿದರೆ, ಇನ್ನೇನು, ಎಂಟರ ಜೋಡಿ. ಅತ್ತೆ ನೋಡದೆಯೇ ಐದು ಉಂಡಿ ತಳ್ಳಿದರು. ನಾನು ಐದು ಹಾಕಿದೆ. ಹೆಂಡತಿಯೂ ಹಾಕಿದಳು. ಅತ್ತೆ ಹತ್ತು ತಳ್ಳಿದರು. “ಮಾಸ್ತರಿಗೆ ಹೇಳವ್ವಾ, ಬೆವರು ಒರಸ್ಕೋರಿ ಅಂತ.” ಈ ಸಲ ಸತ್ತರೂ ಎಲೆ ಇಡುವುದಿಲ್ಲವೆಂದು ಹಲ್ಲು ಕಚ್ಚಿ ನಾನೂ ಹಾಕಿದೆ. ಹೆಂಡತಿ ನನ್ನ ಬೆವರಿನ ಸುದ್ದಿ ಮುಟ್ಟಿಸಿ, ತಾನೂ ಹತ್ತು ಹಾಕಿದಳು. ಉಂಡಿ ಮುಗಿದ ಮೇಲೆ ಎಲ್ಲರೂ ಎಲೆ ತೋರಿಸಬೇಕೆಂಬುದು ಆ ಮನೆಯ ಕಾಯಿದೆ.

ಅತ್ತೆಯದು ಹತ್ತು, ಆರು, ಮೂರು. ಏನೂ ಇಲ್ಲ! ಇಷ್ಟು ವರ್ಷದ ಮೇಲೆ ಅತ್ತೆಯ ಎದುರು ಎಲೆ ತೋರಿಸಿ ಗೆದ್ದೆನೆಂದು ಎಂಟರ ಜೋಡಿ ನೆಲಕ್ಕೆ ಬಡಿದೆ. ಹೆಂಡತಿ ಮೆಲ್ಲಗೆ ತನ್ನ ಎಲೆ ತಿರುಗಿಸಿದಳು. ಒಂಬತ್ತರ ಜೋಡಿ.

“ನಾ ಇಲ್ಲೇ ಹದಿನೈದು ದಿನ ಇರ್ತೀನಿ, ಅಪ್ಪನ ಕೂಡ ಆರಾಮ,” ಎಂದಳು. “ಯವ್ವಾ, ನೀ ರಾಯಚೂರಿಗೆ ಹೋಗಿ ಇವರಿಗೆ ರೊಟ್ಟಿ ಮಾಡಿ ಹಾಕು.”

ಮರುದಿನ ಕಲ್ಲೂರಿನಿಂದ ಬಸ್ಸು ಹತ್ತಿದೆವು. ಅತ್ತೆ ಮುಂದಿನ ಸೀಟಿನಲ್ಲಿ, ಸೆರಗು ಮೂಗಿನ ತನಕ. ನಾನು ನಾಲ್ಕು ಸೀಟು ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಂಡಕ್ಟರ್ ನನ್ನ ಹತ್ತಿರ ಬಂದ.

“ಮಾಸ್ತರ, ಮುಂದ ಕುಂತ ಅವ್ವಾರು ಕೇಳ್ಯಾರ, ಮನ್ಯಾಗ ಜ್ವಾಳದ ಹಿಟ್ಟು ಅದ ಏನು ಅಂತ.”

“ಅದ ಅಂತ ಹೇಳ್ರಿ.”

ಹೋಗಿ ಬಂದ. “ಪಲ್ಯಾಕ್ಕ ಬದನಿಕಾಯಿ ನಡೀತದೋ ಅಂತ.”

“ನಡೀತದ ಅನ್ರಿ.”

ಮತ್ತೆ ಹೋಗಿ ಬಂದ. “ಖಾರ ಎಷ್ಟು ಹಾಕ್ಲಿ ಅಂತ ಕೇಳ್ಯಾರ.” ಇಷ್ಟು ಹೇಳಿ ಅವನು ಕಂಬಿ ಹಿಡಿದು ನಿಂತ. ಬಸ್ಸಿಗೆ ಬಸ್ಸೇ ನಮ್ಮನ್ನು ನೋಡುತ್ತಿತ್ತು. ಅವನು ನನ್ನ ಕಿವಿಯ ಹತ್ತಿರ ಬಾಗಿ, ನಿಜವಾದ ಕಾಳಜಿಯಿಂದ ಕೇಳಿದ:

“ಮಾಸ್ತರ, ನನ್ನ ಡ್ಯೂಟಿ ರಾಯಚೂರು ಬಸ್‌ಸ್ಟ್ಯಾಂಡ್ ತನಕ ಅಷ್ಟ. ಅಲ್ಲಿಂದ ಮುಂದ ಹೆಂಗ ಮಾಡ್ತೀರಿ?”