ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಎರಡು ದಿನ

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂರುವವರನ್ನು ಕಂಡರೆ ನನಗೆ ಹೆದರಿಕೆ. ಅವರು ಕೆಟ್ಟವರೆಂದಲ್ಲ. ಹುಣಸೂರು ಕಡೆಯ ಬಸ್ಸುಗಳಲ್ಲಿ ಕೆಟ್ಟವರು ಅಪರೂಪ. ಎಲ್ಲರೂ ಒಳ್ಳೆಯವರು ಎಂಬುದೇ ತೊಂದರೆ. ಚೀಲವನ್ನು ಕಾಲಡಿಗೆ ತಳ್ಳಿ, ಸೆರಗಿನಿಂದ ಮುಖ ಒರೆಸಿಕೊಂಡು, “ಯಾವೂರಾಯ್ತವ್ವ?” ಎನ್ನುತ್ತಾರೆ. ಊರು ಹೇಳಿದರೆ ಯಾರ ಮಗಳು ಎನ್ನುತ್ತಾರೆ. ಅಪ್ಪನ ಹೆಸರು ಹೇಳಿದರೆ ಅವರ ನಾದಿನಿಯನ್ನು ನಮ್ಮೂರಿಗೇ ಕೊಟ್ಟಿರುವುದು ಹೊರಬೀಳುತ್ತದೆ. ಬಿಳಿಕೆರೆ ದಾಟುವಷ್ಟರಲ್ಲಿ ನನ್ನ ಓದು, ಕೆಲಸ, ನಕ್ಷತ್ರ ಎಲ್ಲ ವಿಚಾರಣೆಯಾಗಿ, ಇಲವಾಲ ಬರುವ ಹೊತ್ತಿಗೆ ಪಿರಿಯಾಪಟ್ಟಣದ ಕಡೆ ಒಬ್ಬ ಗಂಡೂ ಗೊತ್ತಾಗಿರುತ್ತಾನೆ. ನಾನಿನ್ನೂ ಟಿಕೆಟ್ಟಿನ ಚಿಲ್ಲರೆ ಕಾಯುತ್ತಿರುತ್ತೇನೆ.

ಹೀಗಾಗಿ ನಾನೊಂದು ಉತ್ತರವನ್ನು ರೂಢಿಸಿಕೊಂಡಿದ್ದೇನೆ. ಯಾವೂರು ಎಂದರೆ, “ಮೈಸೂರು ಕಡೆ.” ಇದು ಸುಳ್ಳಲ್ಲ, ಹಾಗೆಂದು ಯಾರಿಗೂ ಯಾವ ಉಪಯೋಗಕ್ಕೂ ಬರುವುದಿಲ್ಲ. ಉತ್ತರ ಹೇಳುವುದು ಮತ್ತು ಕಿಟಕಿಯ ಕಡೆ ಮುಖ ತಿರುಗಿಸುವುದು ಎರಡೂ ಒಟ್ಟಿಗೆ ಆಗಬೇಕು. ಸ್ವಲ್ಪ ತಡವಾದರೂ, “ಮೈಸೂರ್ ಕಡೆ ಅಂದ್ರೆ ಎಲ್ಲಾಯ್ತು?” ಎಂಬ ಪ್ರಶ್ನೆ ಒಳಗೆ ನುಗ್ಗಿಬಿಡುತ್ತದೆ. ಅನೇಕ ವರ್ಷಗಳ ಅಭ್ಯಾಸದಿಂದ ನಾನು ಇದರಲ್ಲಿ ಪಳಗಿದ್ದೇನೆ. ಕುತ್ತಿಗೆ ಮಾತ್ರ ಕೆಲವೊಮ್ಮೆ ಉಳುಕುತ್ತದೆ.

ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ಪ್ರತಿ ವರ್ಷವೂ ಪೋರ್ಚುಗೀಸರನ್ನು ಕೊಚ್ಚಿಯ ಬಂದರಿಗೆ ಕರೆತರುತ್ತೇನೆ, ಅವರನ್ನು ಓಡಿಸಿ ಡಚ್ಚರನ್ನು ಇಳಿಸುತ್ತೇನೆ, ಡಚ್ಚರ ಮೇಲೆ ಇಂಗ್ಲಿಷರನ್ನು ಬಿಡುತ್ತೇನೆ. ಇಷ್ಟು ಜನರನ್ನು ಕಳಿಸಿದ ನಾನು ಮಾತ್ರ ಕೊಚ್ಚಿಯನ್ನು ನೋಡಿರಲಿಲ್ಲ. ಅರಬರು, ಚೀನೀಯರು, ಯಹೂದಿಗಳು ಬಂದು ಹೋದ ಊರಿನಲ್ಲಿ ಹುಣಸೂರು ತಾಲ್ಲೂಕಿನ ಒಬ್ಬಳನ್ನು ಯಾರು ಕೇಳುತ್ತಾರೆ? ಈ ಯೋಚನೆಯೇ ನನ್ನನ್ನು ಹೊರಡಿಸಿತು. ಸಮುದ್ರದ ದಂಡೆಯಲ್ಲಿ ಒಂದೇ ಒಂದು ಸಂಜೆ, ಯಾರಿಗೂ ಯಾರ ಮಗಳೂ ಆಗದೆ, ಸೂರ್ಯ ಮುಳುಗುವವರೆಗೆ ಸುಮ್ಮನೆ ಕೂರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಒಬ್ಬಳೇ ಹೋಗುತ್ತೇನೆಂದಾಗ ಅವ್ವ ಒಂದೇ ಮಾತಿಗೆ ಒಪ್ಪಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೈಸೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಗಾವಡಗೆರೆಯ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಒಂದು ಚೀಲ ಕೋಡುಬಳೆಯೊಂದಿಗೆ ನಿಂತಿದ್ದಳು.

“ನಿಮ್ಮವ್ವ ಪೋನ್ ಮಾಡಿದ್ಲು. ಎಣ್ಣು ಒಂದೇ ಓಯ್ತದೆ ಅಂದ್ಲು. ನಾನೂ ಸಮುದ್ರ ನೋಡಿಲ್ಲ ಕಣವ್ವ. ಇಬ್ರೂ ನೋಡದು ಬುಡು.”

ದೊಡ್ಡವ್ವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆದರೆ ಭಾಷೆ ಬಾರದಿರುವುದು ಮಾತಿಗೆ ಅಡ್ಡಿ ಎಂದು ಆಕೆಗೆ ಯಾರೂ ತಿಳಿಸಿರಲಿಲ್ಲ. ನಾನು ಬೆಳಿಗ್ಗೆ ಎದ್ದು ಬರ್ತಿನಿಂದ ಕೆಳಗಿಳಿದಾಗ ಎದುರು ಸೀಟಿನ ತ್ರಿಶೂರಿನ ಸಂಸಾರವೊಂದು ನನ್ನನ್ನು ನೋಡಿ ಬಹಳ ಮರುಕದಿಂದ ನಕ್ಕಿತು. ನನ್ನ ಮದುವೆಯ ವಿಷಯ ಮಲಯಾಳದಲ್ಲೂ ಇತ್ಯರ್ಥವಾಗಿಲ್ಲವೆಂದು ಗೊತ್ತಾಯಿತು.

ಎರ್ನಾಕುಲಂನಿಂದ ಹಳೆಯ ಕೊಚ್ಚಿಗೆ ಬೋಟಿನಲ್ಲಿ ಹೋಗಬೇಕು. ನಮ್ಮ ಪಕ್ಕದಲ್ಲಿ ತೆಂಗಿನಮರದಷ್ಟು ಎತ್ತರದ ಬಿಳಿಯನೊಬ್ಬ ಮಡಿಲಲ್ಲಿ ಟೋಪಿ ಇಟ್ಟುಕೊಂಡು ಕೂತಿದ್ದ. “ಯಾವೂರಂತೆ ಕೇಳು” ಎಂದಳು ದೊಡ್ಡವ್ವ. ನಾನು ನೀರು ನೋಡಿದೆ. ಆಕೆ ಮೊಣಕೈಯಿಂದ ತಿವಿದಳು. ಕೇಳಿದೆ. ಆತ ಹಾಲೆಂಡಿನವನು. ನಾನು ಇಷ್ಟು ವರ್ಷ ಕರಿಹಲಗೆಯ ಮೇಲೆ ಇಳಿಸಿದ ಡಚ್ಚರಲ್ಲಿ ಒಬ್ಬ ನಿಜವಾಗಿ ಪಕ್ಕದಲ್ಲಿದ್ದ, ಎಷ್ಟೋ ಕೇಳಬಹುದಿತ್ತು. ಆದರೆ ದೊಡ್ಡವ್ವನ ಪ್ರಶ್ನೆಗಳು ಮುಗಿದಿರಲಿಲ್ಲ.

“ಅವರೂರಲ್ಲಿ ಏನ್ ಬೆಳೀತಾರಂತೆ?”

“ಆಲೂಗಡ್ಡೆ.”

“ನಮ್ಮ ಆಸನ ಜಿಲ್ಲೆ ಕಡೆ ಇದ್ದಂಗೆ. ಮದ್ವೆ ಆಯ್ತಂತಾ ಕೇಳು.”

ಇದನ್ನು ಕೇಳುವುದು ನನ್ನ ಪ್ರಾಣ ಹೋದರೂ ಸಾಧ್ಯವಿರಲಿಲ್ಲ. ಅದರ ಬದಲು, ಇಲ್ಲಿಗೆ ಬರುತ್ತಿರುವುದು ಮೊದಲ ಸಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆತ ನಗುತ್ತಾ ಎರಡು ಬೆರಳೆತ್ತಿ, ಎರಡನೆಯದು ಎಂದ. ಬೆರಳುಗಳನ್ನು ದೊಡ್ಡವ್ವ ನೋಡಿಬಿಟ್ಟಿದ್ದಳು.

“ಎರಡಾ? ಪಾಪ, ಮೊದಲ್ನೇವಳಿಗೆ ಏನಾಯ್ತಂತೆ?”

ನನ್ನ ಉತ್ತರಕ್ಕೆ ಕಾಯದೆ ಆತನ ಟೋಪಿಯೊಳಗೆ ಒಂದು ಹಿಡಿ ಕೋಡುಬಳೆ ಹಾಕಿದಳು. ಬೋಟು ದಡ ಮುಟ್ಟುವವರೆಗೂ ಆತ ಕಟಕಟ ಕಡಿಯುತ್ತಿದ್ದ, ದೊಡ್ಡವ್ವ ಅವನ ಕಳೆದುಹೋದ ಸಂಸಾರಕ್ಕಾಗಿ ಲೊಚಗುಟ್ಟುತ್ತಿದ್ದಳು.

ದಡದಲ್ಲಿ ಚೀನೀ ಬಲೆಗಳು ಸಾಲಾಗಿ ನಿಂತಿದ್ದವು. ಉದ್ದನೆಯ ಮರದ ತೊಲೆಗಳು, ಹಿಂದೆ ಹಗ್ಗಕ್ಕೆ ಕಟ್ಟಿದ ಕಲ್ಲುಗಳು, ಮುಂದೆ ನೀರಿಗಿಳಿದ ದೊಡ್ಡ ಬಲೆ. ಅವು ಚೀನಾದಿಂದ ಬಂದ ಬಗೆಯನ್ನು ನಾನು ಗಂಭೀರವಾಗಿ ವಿವರಿಸತೊಡಗಿದೆ. “ಯಾತ ಅಲ್ವೇನೇ ಇದು? ನಮ್ಮಪ್ಪ ಬಾವಿ ತಾವ ನೀರೆತ್ತಕ್ಕೆ ಓಡಿಸ್ತಿತ್ತಲ್ಲ, ಅದೇಯ” ಎಂದು ದೊಡ್ಡವ್ವ ಸೆರಗು ಸಿಕ್ಕಿಸಿ ಹಲಗೆ ಹತ್ತಿಯೇಬಿಟ್ಟಳು. ಮೀನುಗಾರರು ಖುಷಿಯಿಂದ ಆಕೆಯ ಕೈಗೆ ಹಗ್ಗ ಕೊಟ್ಟರು. ಆಕೆ ನನ್ನನ್ನೂ ಕೂಗಿದಳು. ಆಗಲೇ ನಾಲ್ಕಾರು ಜನ ಮೊಬೈಲ್ ಹಿಡಿದು ನಿಂತಿದ್ದರು. ಹಗ್ಗ ಹಿಡಿಯದೆ ನಿಂತರೆ ಇನ್ನೂ ಎದ್ದು ಕಾಣುತ್ತೇನೆಂದು ಹೋಗಿ ಹಿಡಿದೆ. ಬಲೆ ಮೇಲೆ ಬಂದಾಗ ಅದರಲ್ಲಿ ಕೆಲವು ಸಣ್ಣ ಮೀನು ಮತ್ತು ಒಂದು ಎಡಗಾಲಿನ ಚಪ್ಪಲಿ ಇದ್ದವು. “ಯಾವೂರೋರ್ದೋ ಪಾಪ” ಎಂದಳು ದೊಡ್ಡವ್ವ. ಚಪ್ಪಲಿ ಉತ್ತರ ಕೊಡಲಿಲ್ಲ. ಅದರ ಸಂಯಮ ಕಂಡು ನನಗೆ ಗೌರವ ಮೂಡಿತು.

ಮಟ್ಟಾಂಚೇರಿಯ ಹಳೆಯ ಬೀದಿಗಳಲ್ಲಿ ನಡೆಯುವಾಗ ನನಗೆ ಮೊದಲ ಸಲ ನೆಮ್ಮದಿಯಾಯಿತು. ಹಂಚಿನ ಗೋದಾಮುಗಳು, ಮೆಣಸಿನ ಘಾಟು, ನೆರಳು. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಗೋದಾಮೊಂದರ ಅಂಗಳದಲ್ಲಿ ಶುಂಠಿ ಒಣಹಾಕಿದ್ದರು. ದೊಡ್ಡವ್ವ ಬಗ್ಗಿ ಒಂದು ತುಂಡು ಮುರಿದು ಮೂಸಿ, “ನಮ್ಮ ಕಡೆ ಮಾಲು ಇದ್ದಂಗದೆ” ಎಂದಳು. ಒಳಗಿನಿಂದ ಮುಂಡು ಎತ್ತಿ ಕಟ್ಟುತ್ತಾ ಬಂದ ದಪ್ಪ ಮೀಸೆಯ ಮನುಷ್ಯ ನಮ್ಮ ಪಕ್ಕದ ಕೋಟೆ ತಾಲ್ಲೂಕಿನ ಶುದ್ಧ ಕನ್ನಡದಲ್ಲಿ, “ಯಾವೂರಾಯ್ತವ್ವ ನಿಮ್ದು?” ಎಂದ.

ನಾನು ಮುಖ ತಿರುಗಿಸಲು ಕಿಟಕಿ ಹುಡುಕಿದೆ. ಆತನ ಹೆಸರು ಜೋಸ್. ನಮ್ಮ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯಲು ಕೇರಳದಿಂದ ಬರುತ್ತಾರಲ್ಲ, ಅವರಲ್ಲೊಬ್ಬ; ಗುರುಪುರದ ಹತ್ತಿರ ವರ್ಷಗಟ್ಟಲೆ ಇದ್ದವನು. ದೊಡ್ಡವ್ವ ನನ್ನ ಊರನ್ನೂ ನನ್ನ ಅಪ್ಪನ ಹೆಸರನ್ನೂ ಹೇಳಿದಳು. ಆತ ನನ್ನನ್ನು ದಿಟ್ಟಿಸಿ, “ಅಲ್ಲಾ, ನೀವು ಸ್ಕೂಟ್ರು ಉಡುಗಿ ಅಲ್ವಾ?” ಎಂದ.

ವಿಷಯ ಇಷ್ಟೇ. ಸ್ಕೂಟರ್ ಕಲಿಯುತ್ತಿದ್ದಾಗ ನಾನೊಮ್ಮೆ ರಸ್ತೆ ಬಿಟ್ಟು, ಒಣಹುಲ್ಲು ಹೊದಿಸಿದ್ದ ಒಬ್ಬರ ಶುಂಠಿ ಹೊಲಕ್ಕೆ ಇಳಿದಿದ್ದೆ. ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನಾನು ಬಿದ್ದ ಜಾಗಕ್ಕೆ ಅದು ಮತ್ತೆ ಮತ್ತೆ ಬಂದು ನೀರೆರಚಿ ಹೋಗುತ್ತಿತ್ತು. ಆ ಒಬ್ಬರು ಈ ಜೋಸಣ್ಣ ಎಂದು ನನಗೆ ಗೊತ್ತಿರಲಿಲ್ಲ. ಆತ ಕೆಲಸದವರನ್ನೆಲ್ಲ ಕರೆದು, ಮಲಯಾಳದಲ್ಲಿ, ಅಭಿನಯಸಹಿತ ಕತೆ ಹೇಳಿದ. ಸ್ಕೂಟರ್, ಸ್ಪ್ರಿಂಕ್ಲರ್, ಡಮಾರ್ ಎಂಬ ಪದಗಳು ಎಲ್ಲ ಭಾಷೆಯಲ್ಲೂ ಒಂದೇ. ಆಮೇಲೆ ನಮ್ಮ ಕಡೆ ತಿರುಗಿದ.

“ತಲೆ ಮ್ಯಾಲೆ ಒಂದು ಒರೆ ಉಲ್ಲು ಕಣವ್ವ. ನಮ್ಮ ಆಳುಗಳು ಓಡೋಗಿ, ಪೆಟ್ಟಾಯ್ತೇನವ್ವ, ಯಾವೂರು ಅಂತ ಕೇಳುದ್ರೆ, ಈವಮ್ಮ ಏನಂತು ಗೊತ್ತಾ? ಮೈಸೂರು ಕಡೆ! ಊರು ನೋಡುದ್ರೆ ಬೇಲಿ ಆಚೆಗದೆ. ಅವತ್ತಿಂದ ನಮ್ಮ ಕ್ಯಾಂಪಲ್ಲಿ ಯಾರಾದ್ರೂ ಜಾರಿ ಬಿದ್ರೆ ಮೈಸೂರು ಕಡೆಗೋದ ಅಂತಿದ್ವಿ.”

ಶುಂಠಿ ಆರಿಸುತ್ತಿದ್ದ ಹೆಂಗಸರು “ಮೈಸೂರ್ ಕಡೆ, ಮೈಸೂರ್ ಕಡೆ” ಎಂದು ಹೇಳಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅರಬರೂ ಡಚ್ಚರೂ ಹೆಸರು ಮಾಡಿ ಹೋದ ಬಂದರಿನಲ್ಲಿ ನಾನೂ ಹೆಸರು ಮಾಡಿದೆ. ಜೋಸಣ್ಣ ಶುಂಠಿ ಟೀ ಕುಡಿಸಿಯೇ ಕಳಿಸಿದ. “ನೋಡ್ದಾ, ನಿನ್ನ ಬಲ್ಲೋರು ಎಲ್ಲಾ ಕಡೆ ಅವ್ರೆ” ಎಂದಳು ದೊಡ್ಡವ್ವ, ಹೆಮ್ಮೆಯಿಂದ.

ಎರಡನೆಯ ದಿನದ ಸಂಜೆ ಸಮುದ್ರದ ದಂಡೆಗೆ ಬಂದೆವು. ನನ್ನ ಮುಖದಲ್ಲಿ ಏನು ಕಂಡಳೋ, ದೊಡ್ಡವ್ವ ತಾನಾಗಿಯೇ, “ಒಬ್ಳೇ ಕೂರಬೇಕು ಅಂತಿದ್ದಲ್ಲ, ಕೂತ್ಕೊ. ನಾನು ಆ ಮೀನ್ನೋರ ತಾವ ಇರ್ತೀನಿ” ಎಂದು ಕೋಡುಬಳೆಯ ಚೀಲ ಹಿಡಿದು ಹೊರಟಳು.

ಕೊನೆಗೂ ಸಿಕ್ಕಿತು. ಕಲ್ಲುಬೆಂಚು, ಗಾಳಿ, ದೂರದಲ್ಲೊಂದು ಹಡಗು, ಕೆಂಪಾಗುತ್ತಿರುವ ಸೂರ್ಯ. ಯಾರೂ ಏನೂ ಕೇಳುತ್ತಿಲ್ಲ. ನಾನು ತುಂಬ ಹೊತ್ತು ಆನಂದಪಟ್ಟೆ. ಗಡಿಯಾರ ನೋಡಿದರೆ ಹೆಚ್ಚೇನೂ ಹೊತ್ತಾಗಿರಲಿಲ್ಲ. ಹಡಗು ಎಲ್ಲಿಯದೋ ಎಂದುಕೊಂಡೆ. ಹೇಳುವವರಿರಲಿಲ್ಲ. ಬೆಂಚಿನ ಆ ತುದಿಯಲ್ಲಿ ನನ್ನ ವಯಸ್ಸಿನವಳೊಬ್ಬಳು ಬಂದು ಕೂತು ಮಡಿಲಲ್ಲಿ ಪುಸ್ತಕ ತೆರೆದಳು. ಒಬ್ಬಳೇ ಇರಬೇಕೆಂದು ಬಂದವಳೆಂದು ನೋಡಿದರೇ ತಿಳಿಯುತ್ತಿತ್ತು. ಅವಳ ಫೋನು ಬಡಿದುಕೊಂಡಿತು. ಮೆಲ್ಲಗೆ, “ಆಯ್ತು ಬುಡವ್ವ, ಬತ್ತೀನಿ” ಎಂದು ಇಟ್ಟಳು.

ಬುಡವ್ವ! ನಾನು ಸೂರ್ಯನನ್ನೇ ನೋಡಲು ಪ್ರಯತ್ನಿಸಿದೆ. ಅದು ನನ್ನ ಕೆಲಸವಲ್ಲ ಎಂದುಕೊಂಡೆ. ನಾಲಗೆ ಕಚ್ಚಿಕೊಂಡೆ.

“ಯಾವೂರಾಯ್ತು?” ಎಂದು ಯಾರೋ ಕೇಳಿದರು. ನಾನೇ.

“ಮೈಸೂರು ಕಡೆ” ಎಂದಳು. ಹೇಳುವುದು, ಸಮುದ್ರದ ಕಡೆ ತಿರುಗುವುದು ಎರಡೂ ಒಟ್ಟಿಗೆ. ಎಷ್ಟು ಚೊಕ್ಕವಾಗಿ ಮಾಡಿದಳೆಂದರೆ ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆ ಉತ್ತರದ ಅರ್ಥ ಈ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಮರ್ಯಾದಸ್ಥರು ಅಲ್ಲಿಗೆ ಸುಮ್ಮನಾಗಬೇಕು. ನಾನು ಬೆಂಚಿನ ಮೇಲೆ ಸ್ವಲ್ಪ ಸ್ವಲ್ಪವೇ ಆ ತುದಿಗೆ ಸರಿದೆ.

“ಮೈಸೂರ್ ಕಡೆ ಅಂದ್ರೆ ಎಲ್ಲಾಯ್ತು?”

ದೊಡ್ಡವ್ವ ಖಾಲಿ ಚೀಲ ಕೊಡವುತ್ತಾ ಹಿಂತಿರುಗಿದಾಗ ಸಮುದ್ರ ಕಪ್ಪಾಗಿತ್ತು. “ಸೂರ್ಯ ಮುಳುಗ್ದಾ? ಚೆಂದಾಗಿತ್ತಾ?” ಎಂದು ಕೇಳಿದಳು.

“ಇವ್ರು ಕೆ.ಆರ್. ನಗರದೋರು ದೊಡ್ಡವ್ವ” ಎಂದೆ. “ಇವ್ರ ಚಿಕ್ಕವ್ವನ್ನ ನಮ್ಮೂರಿಗೇ ಕೊಟ್ಟಿರೋದಂತೆ.”